ಅಂಗಿ ಎತ್ತಿ, ಉಸಿರು ಎಣಿಸಿ: ಪುಟ್ಟ ಮಕ್ಕಳ ನ್ಯುಮೋನಿಯಾ, ಮುಂಬೈ ಮನೆಗಳಿಗೆ ಒಂದು ಮಾರ್ಗದರ್ಶಿ

ಜುಲೈ ತಿಂಗಳು. ಘಾಟ್‌ಕೋಪರ್‌ನಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಹಗ್ಗದ ಮೇಲೆ ಮೂರು ದಿನದಿಂದ ಒಣಗದ ಲಂಗೋಟಿಗಳು, ಕಿಟಕಿ ಪಕ್ಕದ ಗೋಡೆಯಲ್ಲಿ ಬೂಷ್ಟು. ಹತ್ತು ತಿಂಗಳ ಮಗನಿಗೆ ನೆಗಡಿ ಶುರುವಾಗಿ ನಾಲ್ಕು ದಿನ ಆಗಿತ್ತು. ಹತ್ತಿರದ ಒಂದು ಕ್ಲಿನಿಕ್ಕಿಗೆ ಎತ್ತಿಕೊಂಡು ಹೋದೆ. ಹುಬ್ಬಳ್ಳಿಯಿಂದ ಬಂದಿದ್ದ ಅತ್ತೆ ಹೆಣೆದ ಸ್ವೆಟರ್ ಮಗುವಿನ ಮೈಮೇಲಿತ್ತು. ಡಾಕ್ಟರು ಅದರ ಮೇಲೇ ಸ್ಟೆತಸ್ಕೋಪ್ ಇಟ್ಟರು, "ಹವಾ ಬದಲಾಗಿದೆ" ಅಂದರು, ಕೆಮ್ಮಿನ ಸಿರಪ್ ಬರೆದುಕೊಟ್ಟರು. ಅವರು ಸ್ವೆಟರ್ ಎತ್ತಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಎತ್ತಿರಲಿಲ್ಲ. ಮರುದಿನ ರಾತ್ರಿ ಬಟ್ಟೆ ಬದಲಿಸುವಾಗ ಕಂಡಿತು: ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಒಂದು ಗುಳಿ. ಮೊಬೈಲಿನ ಗಡಿಯಾರ ಹಿಡಿದು ಎಣಿಸಿದೆ. ಒಂದು ನಿಮಿಷಕ್ಕೆ 62.

ನಾನು ಡಾಕ್ಟರಲ್ಲ. ಆ ಸಲ ಮಕ್ಕಳ ವಾರ್ಡಿನಲ್ಲಿ ಕೂತು ನರ್ಸ್‌ಗಳಿಂದ ಕಲಿತದ್ದು, ಆಮೇಲೆ ಎರಡನೆಯವಳನ್ನು ಬೆಳೆಸುವಾಗ ಉಪಯೋಗಕ್ಕೆ ಬಂದದ್ದು ಇಲ್ಲಿದೆ. ಇದನ್ನು ಓದಿ ಮನೆಯಲ್ಲೇ ಔಷಧಿ ಶುರು ಮಾಡಬೇಡಿ. ಯಾವಾಗ ಹೊರಡಬೇಕು, ವಾಪಸ್ ಬಂದ ಮೇಲೆ ಏನು ನೋಡಿಕೊಳ್ಳಬೇಕು ಅನ್ನುವುದು ಗೊತ್ತಾದರೆ ಸಾಕು.

1. ಮೊದಲು ಉಸಿರು ಎಣಿಸಿ

ಕೆಮ್ಮಿನ ಸದ್ದಿಗೆ ನಾವು ಹೆದರುತ್ತೇವೆ, ಅಲ್ವಾ? ಆದರೆ ಸದ್ದನ್ನು ನಂಬಬೇಡಿ. ಮನೆಯೆಲ್ಲ ಎದ್ದು ಕೂರುವ ಹಾಗೆ ಕೆಮ್ಮುವ ಮಗುವಿಗೆ ಬರೀ ನೆಗಡಿ ಇರಬಹುದು. ಸದ್ದೇ ಇಲ್ಲದೆ ಮಲಗಿದ ಮಗುವಿಗೆ ನ್ಯುಮೋನಿಯಾ ಆಗಿರಬಹುದು. ಈ ಕಾಯಿಲೆಯಲ್ಲಿ ಶ್ವಾಸಕೋಶದ ಪುಟ್ಟ ಗಾಳಿಚೀಲಗಳಲ್ಲಿ ಕೀವು, ನೀರು ತುಂಬಿಕೊಳ್ಳುತ್ತದೆ. ಒಂದು ಉಸಿರಿಗೆ ಸಿಗುವ ಗಾಳಿ ಸಾಲದೆ ಮಗು ಬೇಗ ಬೇಗ ಉಸಿರಾಡುತ್ತದೆ. ಅದೂ ಸಾಲದಾದಾಗ ಎದೆಯನ್ನು ಎಳೆದು ಉಸಿರಾಡುತ್ತದೆ. ಮೊದಲನೆಯದನ್ನು ಎಣಿಸಬಹುದು, ಎರಡನೆಯದನ್ನು ಕಣ್ಣಲ್ಲೇ ನೋಡಬಹುದು. ಎರಡಕ್ಕೂ ಯಾವ ಯಂತ್ರವೂ ಬೇಡ.

ಎಣಿಸುವುದು ಹೀಗೆ. ಮಗು ಅಳುತ್ತಿರಬಾರದು, ಆಗಷ್ಟೇ ಹಾಲು ಕುಡಿದು ಮುಗಿಸಿರಬಾರದು. ನಿದ್ದೆಯಲ್ಲಿದ್ದರೆ ಎಲ್ಲಕ್ಕಿಂತ ಒಳ್ಳೆಯದು. ಮೂಗು ಕಟ್ಟಿದ್ದರೆ ಸಲೈನ್ ಹನಿ (ಮೂಗಿಗೆಂದೇ ಸಿಗುವ ಉಪ್ಪುನೀರು) ಹಾಕಿ, ಒರೆಸಿ, ಸ್ವಲ್ಪ ಹೊತ್ತು ಬಿಡಿ. ತೊಡೆಯ ಮೇಲೆ ಮಲಗಿಸಿಕೊಂಡು ಅಂಗಿಯನ್ನು ಎದೆಯವರೆಗೆ ಎತ್ತಿ. ಟ್ಯೂಬ್‌ಲೈಟ್ ಹಾಕಿ, ಮೊಬೈಲ್ ಬೆಳಕು ಸಾಲದು. ಹೊಟ್ಟೆಯ ಯಾವುದಾದರೂ ಒಂದು ಜಾಗದ ಮೇಲೆ ಕಣ್ಣಿಡಿ. ಅದು ಮೇಲೆದ್ದು ಕೆಳಗಿಳಿದರೆ ಒಂದು. ಪೂರ್ತಿ 60 ಸೆಕೆಂಡ್ ಎಣಿಸಬೇಕು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ. ಎಳೆ ಮಕ್ಕಳು ಸರಸರ ಹತ್ತು ಉಸಿರು ತೆಗೆದು, ಐದಾರು ಸೆಕೆಂಡ್ ಸುಮ್ಮನಿದ್ದು, ಮತ್ತೆ ಶುರು ಮಾಡುತ್ತವೆ. ಗಡಿಯಾರವನ್ನು ಇನ್ನೊಬ್ಬರು ನೋಡಲಿ, ನೀವು ಹೊಟ್ಟೆ ಮಾತ್ರ ನೋಡಿ. ಅನುಮಾನ ಬಂದರೆ ಇನ್ನೊಂದು ಸಲ ಎಣಿಸಿ.

ಈಗ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗಡಿ ಇದು, ಫ್ರಿಜ್ ಮೇಲೆ ಬರೆದು ಅಂಟಿಸಿಕೊಳ್ಳಿ:

ಎರಡು ತಿಂಗಳೊಳಗಿನ ಮಗು: ನಿಮಿಷಕ್ಕೆ 60 ಅಥವಾ ಜಾಸ್ತಿ
ಎರಡು ತಿಂಗಳಿಂದ ಒಂದು ವರ್ಷದೊಳಗೆ: 50 ಅಥವಾ ಜಾಸ್ತಿ
ಒಂದರಿಂದ ಐದು ವರ್ಷದೊಳಗೆ: 40 ಅಥವಾ ಜಾಸ್ತಿ

ಕೆಮ್ಮು ಇದ್ದು ಎಣಿಕೆ ಈ ಗಡಿ ಮುಟ್ಟಿದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಬೇಕು. ಜ್ವರ ಏರಿದಾಗಲೂ ಉಸಿರು ಜೋರಾಗುತ್ತದೆ, ಹಾಗಾಗಿ ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸುವುದು ಒಳ್ಳೆಯದು. ಆದರೆ ಅದನ್ನೇ ನೆಪ ಮಾಡಿಕೊಂಡು ರಾತ್ರಿಯೆಲ್ಲ ಕಾಯಬೇಡಿ.

2. ಆಮೇಲೆ ಎದೆ ನೋಡಿ

ಆರಾಮಾಗಿರುವ ಮಗು ಉಸಿರು ಎಳೆದಾಗ ಎದೆ, ಹೊಟ್ಟೆ ಎರಡೂ ಒಟ್ಟಿಗೆ ಹೊರಗೆ ಬರುತ್ತವೆ. ಕಾಯಿಲೆ ಜೋರಾದಾಗ ಇದು ತಿರುಗುಮುರುಗಾಗುತ್ತದೆ. ಉಸಿರು ಎಳೆದಾಗ ಹೊಟ್ಟೆ ಉಬ್ಬುತ್ತದೆ, ಆದರೆ ಪಕ್ಕೆಲುಬಿನ ಕೆಳಗಿನ ಅಂಚು ಒಳಗೆ ಹೋಗುತ್ತದೆ. ಅತ್ತೆ ಇದನ್ನು ನೋಡಿದ ಕೂಡಲೇ "ಪಕ್ಕೆ ಎಳೀತದ" ಅಂದರು. ಪಕ್ಕದ ಮನೆಯ ಮರಾಠಿ ಅಜ್ಜಿ "ಧಾಪ ಲಾಗಲೀ" ಅಂದರು. ನ್ಯುಮೋನಿಯಾ ಅನ್ನುವ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಆದರೆ ಕಾಯಿಲೆಯ ಗುರುತು ಇಬ್ಬರಿಗೂ ಗೊತ್ತಿತ್ತು.

ಪಕ್ಕೆ ಎಳೆಯುವುದು ಕಂಡರೆ ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿಕೊಳ್ಳಿ. ಆಸ್ಪತ್ರೆಯ ಗದ್ದಲದಲ್ಲಿ ಮಗು ಅಳಲು ಶುರು ಮಾಡಿದರೆ ಡಾಕ್ಟರಿಗೆ ಏನೂ ಸರಿಯಾಗಿ ಕಾಣುವುದಿಲ್ಲ. ನಿದ್ದೆಯಲ್ಲಿ ತೆಗೆದ ವಿಡಿಯೊ ಆಗ ತುಂಬಾ ಉಪಯೋಗಕ್ಕೆ ಬರುತ್ತದೆ.

ಕೆಲವು ಗುರುತು ಕಂಡರೆ ಎಣಿಸುತ್ತಾ ಕೂರಬಾರದು, ಹೊರಟುಬಿಡಬೇಕು. ಹಾಲು ಚೀಪಲಾಗದಿರುವುದು, ನೀರೂ ಕುಡಿಯಲಾಗದಿರುವುದು. ಕೊಟ್ಟದ್ದೆಲ್ಲ ವಾಂತಿ. ಫಿಟ್ಸ್. ಎಬ್ಬಿಸಿದರೂ ಏಳದಷ್ಟು ಮಂಪರು. ಪ್ರತಿ ಉಸಿರಿಗೂ ನರಳಿದಂತೆ "ಹ್ಞ ಹ್ಞ" ಸದ್ದು. ಮೂಗಿನ ಹೊಳ್ಳೆ ಅರಳುವುದು, ಉಸಿರಿನ ಜೊತೆ ತಲೆ ತೂಗುವುದು. ತುಟಿ, ನಾಲಿಗೆ ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗುವುದು. ನಮ್ಮ ಮೈಬಣ್ಣದ ಮಕ್ಕಳಲ್ಲಿ ಚರ್ಮ ನೋಡಿದರೆ ಗೊತ್ತಾಗುವುದಿಲ್ಲ, ನಾಲಿಗೆ, ಒಸಡು ನೋಡಿ.

ಎರಡು ತಿಂಗಳೊಳಗಿನ ಕೂಸಿನ ಲೆಕ್ಕವೇ ಬೇರೆ. ಜ್ವರ, ಮೈ ತಣ್ಣಗಾಗುವುದು, ಹಾಲು ಬಿಡುವುದು, ಜೋರು ಉಸಿರು, ಇವುಗಳಲ್ಲಿ ಒಂದೇ ಇದ್ದರೂ ಸೀದಾ ಆಸ್ಪತ್ರೆ. ಕೆಮ್ಮು ಬಂದೇ ಇಲ್ಲವಲ್ಲ ಅಂದುಕೊಳ್ಳಬೇಡಿ, ಅಷ್ಟು ಚಿಕ್ಕ ಕೂಸುಗಳು ಕೆಮ್ಮದೆಯೂ ಇರಬಹುದು.

ಕೋವಿಡ್ ಕಾಲದಲ್ಲಿ ತಂದಿಟ್ಟ ಆಕ್ಸಿಮೀಟರ್ ಅನೇಕರ ಮನೆಯಲ್ಲಿದೆ. ಅದು ದೊಡ್ಡವರ ಬೆರಳಿನ ಕ್ಲಿಪ್. ಕೂಸಿನ ಬೆರಳಿಗೆ ಸರಿಯಾಗಿ ಕೂರುವುದಿಲ್ಲ. ಅದರಲ್ಲಿ 97 ಬಂತು ಅಂತ ಪಕ್ಕೆ ಎಳೆಯುವ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

3. ಎಲ್ಲಿಗೆ ಹೋಗುವುದು, ಹೇಗೆ ಹೇಳುವುದು

ಎರಡು ತಿಂಗಳು ದಾಟಿದ ಮಗುವಿಗೆ ಉಸಿರು ಮಾತ್ರ ಜೋರಾಗಿದೆ, ಹಾಲು ಕುಡಿಯುತ್ತಿದೆ, ಆಡುತ್ತಿದೆ ಅಂದರೆ ಮಕ್ಕಳ ಡಾಕ್ಟರು, ಇಲ್ಲವೇ ಮಹಾನಗರಪಾಲಿಕೆಯ ದವಾಖಾನೆ ಸಾಕು. ವಾರ್ಡುಗಳಲ್ಲಿರುವ ಆಪ್ಲಾ ದವಾಖಾನಾಗಳಲ್ಲಿ ಸಂಜೆ ತೆರೆದಿರುವವೂ ಇವೆ. ನಿಮ್ಮ ಏರಿಯಾದ್ದು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅನ್ನುವುದನ್ನು ಮಗು ಚೆನ್ನಾಗಿರುವಾಗಲೇ ನೋಡಿಟ್ಟುಕೊಳ್ಳಿ.

ಅಪಾಯದ ಗುರುತು ಇದ್ದರೆ ರಾತ್ರಿ ಎರಡು ಗಂಟೆಗೂ ಮಕ್ಕಳ ಡಾಕ್ಟರು ಇರುವ ದೊಡ್ಡ ಆಸ್ಪತ್ರೆ ಬೇಕು. ಪರೇಲ್‌ನಲ್ಲಿ ಕೆಇಎಂ ಮತ್ತು ಮಕ್ಕಳಿಗೆಂದೇ ಇರುವ ವಾಡಿಯಾ, ಸಯನ್‌ನಲ್ಲಿ ಲೋಕಮಾನ್ಯ ತಿಲಕ್, ಮುಂಬೈ ಸೆಂಟ್ರಲ್ ಹತ್ತಿರ ನಾಯರ್, ಪಶ್ಚಿಮದ ಉಪನಗರದವರಿಗೆ ಕೂಪರ್, ನಮ್ಮ ಕಡೆ ರಾಜಾವಾಡಿ. ಹೆಸರು ದೊಡ್ಡದು ಅಂತ ದೂರದ್ದಕ್ಕೆ ಓಡಬೇಡಿ. ಆಟೋಗಳು ಸಯನ್, ಬಾಂದ್ರಾ ದಾಟಿ ದಕ್ಷಿಣಕ್ಕೆ ಹೋಗುವುದಿಲ್ಲ. ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ಟ್ಯಾಕ್ಸಿ ಹುಡುಕುವುದು ಸುಲಭದ ಕೆಲಸವಲ್ಲ. ಹಿಂದ್‌ಮಾತಾ, ಕುರ್ಲಾ ಕಡೆ ನೀರು ತುಂಬಿದರೆ ಕಥೆ ಮುಗಿಯಿತು. ಮಗುವಿನ ಎಣಿಕೆ ಗಡಿಯ ಹತ್ತಿರ ಇದ್ದು, ಆಕಾಶ ಕಪ್ಪಾಗಿದ್ದರೆ, ಬೆಳಕಿರುವಾಗಲೇ ಹೋಗಿಬನ್ನಿ. ಮಗು ನೀಲಿಯಾಗಿದ್ದರೆ, ಮಂಪರಿನಲ್ಲಿದ್ದರೆ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಉಚಿತ, ಅದರಲ್ಲಿ ಆಕ್ಸಿಜನ್ ಇರುತ್ತದೆ. ಬೆಳಗಿನ ಲೋಕಲ್ ಟ್ರೇನಿನ ನೂಕುನುಗ್ಗಲಿಗೆ ಮಾತ್ರ ಇಂಥ ಮಗುವನ್ನು ಎತ್ತಿಕೊಂಡು ಹೋಗಬೇಡಿ.

ಊರಿಂದ ಹೊಸದಾಗಿ ಬಂದವರು ಆಸ್ಪತ್ರೆಯಲ್ಲಿ ಮಾತಿಗೆ ತಡವರಿಸುವುದನ್ನು ನಾನು ತುಂಬಾ ನೋಡಿದ್ದೇನೆ. "ತಾಪ ಆಹೆ, ಖೋಕಲಾ ಆಹೆ" ಅಂದರೆ ಜ್ವರ, ಕೆಮ್ಮು. ಸಾಲಿನಲ್ಲಿ ನಿಂತ ಎಲ್ಲರೂ ಅದನ್ನೇ ಹೇಳುತ್ತಾರೆ, ನಿಮ್ಮನ್ನೂ ಸಾಲಿನಲ್ಲೇ ಕೂರಿಸುತ್ತಾರೆ. ಹೇಳಬೇಕಾದ ಮಾತು ಮೂರೇ: "ಬಾಳಾಲಾ ಧಾಪ ಲಾಗಲೀ ಆಹೆ", ಮಗುವಿಗೆ ಏದುಸಿರು. "ಛಾತೀ ಆತ ಜಾತೇ", ಎದೆ ಒಳಗೆ ಹೋಗುತ್ತಿದೆ. "ದೂಧ ಪೀತ ನಾಹೀ", ಹಾಲು ಕುಡಿಯುತ್ತಿಲ್ಲ. ಜೊತೆಗೆ ನೀವು ಎಣಿಸಿದ ಸಂಖ್ಯೆ. ನಾನು "ಏಕ ಮಿನಿಟಾಲಾ ಬಾಸಷ್ಟ" ಎಂದ ಕೂಡಲೇ ಕೌಂಟರ್ ಪಕ್ಕದಲ್ಲಿದ್ದ ನರ್ಸ್ ತಲೆಯೆತ್ತಿ ನೋಡಿದರು, ಕೈಯಿಂದ ಮಗುವನ್ನು ತೆಗೆದುಕೊಂಡು ಒಳಗೆ ನಡೆದರು. ಕೇಸ್ ಪೇಪರ್, ಅಂದರೆ ಆಸ್ಪತ್ರೆಯ ನೋಂದಣಿ ಚೀಟಿ, ಮಾಡಿಸಲು ಗಂಡ ಸಾಲಿನಲ್ಲಿ ನಿಂತ. ಇಬ್ಬರು ಹೋಗುವುದು ಇದಕ್ಕೇ.

ಚೀಲದಲ್ಲಿ ಲಸಿಕೆ ಕಾರ್ಡ್, ಹಳೆಯ ಚೀಟಿಗಳು, ಈಗ ಕೊಡುತ್ತಿರುವ ಔಷಧಿಯ ಬಾಟಲಿ, ಆಧಾರ್, ಎರಡು ಜೊತೆ ಬಟ್ಟೆ, ಲೋಟ, ಚಮಚ ಇರಲಿ.

ಅಡ್ಮಿಟ್ ಮಾಡಿಕೊಂಡು ಆಕ್ಸಿಜನ್ ಹಚ್ಚಿದರೆ ಗಾಬರಿಯಾಗಬೇಡಿ. ನಮ್ಮವನಿಗೆ ಹಚ್ಚಿದ ಸುದ್ದಿ ಊರಿಗೆ ಮುಟ್ಟಿದ್ದೇ ತಡ, ಕೊನೆಗಾಲ ಬಂತೇನೋ ಅನ್ನುವ ಹಾಗೆ ಹತ್ತು ಫೋನ್ ಬಂದವು. ಆಕ್ಸಿಜನ್ ಕೂಡ ಒಂದು ಔಷಧಿ ಅಷ್ಟೇ. ರಕ್ತದಲ್ಲಿ ಅದರ ಮಟ್ಟ ಶೇಕಡಾ 90ಕ್ಕಿಂತ ಕೆಳಗಿದ್ದರೆ ಕೊಡಲೇಬೇಕು. ಮೂಗಿನ ನಳಿಕೆಯನ್ನು ಮಗು ಕಿತ್ತು ಹಾಕುತ್ತದೆ, ಕೈ ಹಿಡಿದು ಕೂರುವುದೇ ನಿಮ್ಮ ಕೆಲಸ. "ಎಕ್ಸ್‌ರೇ ಯಾಕೆ ತೆಗೆಯಲಿಲ್ಲ" ಎಂದು ಜಗಳವಾಡುವವರೂ ಇದ್ದಾರೆ. ಎಲ್ಲ ಮಕ್ಕಳಿಗೂ ಅದು ಬೇಕಾಗುವುದಿಲ್ಲ.

4. ಮನೆಗೆ ಕಳಿಸಿದರೆ: ಔಷಧಿಯ ಅಳತೆ

ಬ್ಯಾಕ್ಟೀರಿಯಾದಿಂದ ಬಂದದ್ದು ಅನ್ನಿಸಿದರೆ ಡಾಕ್ಟರು ಆಂಟಿಬಯಾಟಿಕ್ ಬರೆಯುತ್ತಾರೆ, ಹೆಚ್ಚಾಗಿ ಅಮಾಕ್ಸಿಸಿಲಿನ್. ಡೋಸ್ ಮಗುವಿನ ತೂಕದ ಮೇಲೆ. ಅಣ್ಣನಿಗೆ ಹೋದ ವರ್ಷ ಕೊಟ್ಟು ಉಳಿದದ್ದನ್ನು ತಂಗಿಗೆ ಹಾಕಬಾರದು. ವೈರಸ್‌ನಿಂದಲೂ ನ್ಯುಮೋನಿಯಾ ಬರುತ್ತದೆ, ಅದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಹಾಗಾಗಿ ಡಾಕ್ಟರು ಬರೆಯಲಿಲ್ಲ ಅಂದರೆ ಮೆಡಿಕಲ್ ಸ್ಟೋರಿನವರನ್ನು ಕೇಳಿ ಕೊಳ್ಳಬೇಡಿ.

ಪುಡಿ ಇರುವ ಬಾಟಲಿ ಕೊಟ್ಟಿದ್ದರೆ ಇಲ್ಲಿ ಸ್ವಲ್ಪ ಗಮನ ಕೊಡಿ. ಮುಚ್ಚಳ ತೆಗೆಯುವ ಮೊದಲು ಬಾಟಲಿಯನ್ನು ಅಂಗೈಗೆ ತಟ್ಟಿ, ತಳಕ್ಕೆ ಅಂಟಿದ ಪುಡಿ ಸಡಿಲವಾಗಲಿ. ಕುದಿಸಿ ಆರಿಸಿದ ನೀರನ್ನು ಗುರುತಿನ ಅರ್ಧದಷ್ಟು ಹಾಕಿ ಚೆನ್ನಾಗಿ ಕುಲುಕಿ. ಆಮೇಲೆ ಗುರುತಿನವರೆಗೆ ತುಂಬಿಸಿ ಮತ್ತೆ ಕುಲುಕಿ. ನೊರೆ ಇಳಿದ ಮೇಲೆ ನೋಡಿದರೆ ಮಟ್ಟ ಗುರುತಿಗಿಂತ ಕೆಳಗೆ ಹೋಗಿರುತ್ತದೆ. ಆಗ ಇನ್ನಷ್ಟು ಹಾಕಿ ಸರಿ ಮಾಡಿ. ನೀರು ಕಡಿಮೆಯಾದರೆ ಔಷಧಿ ಗಟ್ಟಿ, ಜಾಸ್ತಿಯಾದರೆ ತೆಳು, ಎರಡರಲ್ಲೂ ಡೋಸ್ ತಪ್ಪುತ್ತದೆ. ಪ್ರತಿ ಸಲ ಕೊಡುವ ಮೊದಲು ಕುಲುಕಲೇಬೇಕು. ಕಲಸಿದ ಔಷಧಿ ಎಷ್ಟು ದಿನ, ಎಲ್ಲಿ ಇಡಬೇಕು ಎಂದು ಲೇಬಲ್‌ನಲ್ಲೇ ಬರೆದಿರುತ್ತದೆ. ಅಡುಗೆಮನೆಯ ಚಮಚ ಬೇಡ, ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆದು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ಕೊಟ್ಟು ಅರ್ಧ ಗಂಟೆಯೊಳಗೆ ವಾಂತಿಯಾದರೆ ಮತ್ತೆ ಕೊಡಬೇಕೇ ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಮೂರನೇ ದಿನ ಮಗು ನಗುತ್ತದೆ, ಆದರೂ ಹೇಳಿದಷ್ಟು ದಿನ ಮುಗಿಸಿ.

ಜ್ವರಕ್ಕೆ ಪ್ಯಾರಾಸಿಟಮಾಲ್. ಇಲ್ಲಿ ಒಂದು ದೊಡ್ಡ ಗುಂಡಿ ಇದೆ. ಡ್ರಾಪ್ಸ್ ಬಾಟಲಿಯಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಎಂಜಿ ಇರುತ್ತದೆ. ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 125, ಇನ್ನೊಂದು ಬಗೆಯದರಲ್ಲಿ 250. ಸಿರಪ್ ಅಂದುಕೊಂಡು 5 ಎಂಎಲ್ ಡ್ರಾಪ್ಸ್ ಕೊಟ್ಟರೆ 500 ಎಂಜಿ ಆಯಿತು, ಅಂದರೆ ದೊಡ್ಡವರು ನುಂಗುವ ಒಂದು ಇಡೀ ಮಾತ್ರೆ. ರಾತ್ರಿ ನಿದ್ದೆಗಣ್ಣಲ್ಲಿ ಇದು ಯಾರಿಗೂ ಆಗಬಹುದು. ಎರಡೂ ಬಾಟಲಿಗಳನ್ನು ಒಂದೇ ಕಡೆ ಇಡಬೇಡಿ. ಆಸ್ಪಿರಿನ್, ನಿಮೆಸುಲೈಡ್ ಮಕ್ಕಳಿಗೆ ಬೇಡವೇ ಬೇಡ. 12 ವರ್ಷದೊಳಗಿನವರಿಗೆ ನಿಮೆಸುಲೈಡ್ ನಮ್ಮ ದೇಶದಲ್ಲಿ 2011ರಿಂದಲೇ ನಿಷೇಧ.

ಇನ್ನು ಕೆಮ್ಮಿನ ಸಿರಪ್. ನ್ಯುಮೋನಿಯಾಗೆ ಅದರಿಂದ ಏನೂ ಪ್ರಯೋಜನ ಇಲ್ಲ, ಮಂಪರು ತರಿಸಿ ಉಸಿರಾಟವನ್ನೇ ಕುಗ್ಗಿಸುವವೂ ಇವೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತದ್ದನ್ನು ಎಲ್ಲರೂ ಓದಿದ್ದೇವೆ. ಎರಡು ವರ್ಷದೊಳಗಿನವರಿಗೆ ಕೆಮ್ಮು, ನೆಗಡಿಯ ಸಿರಪ್ ಕೊಡಬೇಡಿ ಎಂದು ಅದೇ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಸೂಚನೆ ಕೊಟ್ಟಿತು. ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ ಎಂದೇ ಅದರಲ್ಲಿದೆ. ನಮ್ಮ ಮನೆಯಲ್ಲಿದ್ದ ಬಾಟಲಿ, ಮಗನ ಉಸಿರು ಎಣಿಸಿದ ಆ ರಾತ್ರಿಯೇ ಕಸದ ಬುಟ್ಟಿ ಸೇರಿತ್ತು.

5. ಹಾಲು, ಊಟ

ಏದುಸಿರಿನಲ್ಲಿ ಹಾಲು ಕುಡಿಯುವುದು ಎಂದರೆ ಓಡುತ್ತಾ ನೀರು ಕುಡಿದ ಹಾಗೆ. ಎರಡು ಗುಟುಕು ಕುಡಿದು ಬಿಡುತ್ತದೆ, ಅಳುತ್ತದೆ. ಹಾಲು ಕೊಡುವ ಮುಂಚೆ ಮೂಗಿಗೆ ಸಲೈನ್ ಹಾಕಿ ಸ್ವಚ್ಛ ಮಾಡಿ. ಸ್ವಲ್ಪ ಸ್ವಲ್ಪ, ಆದರೆ ಪದೇ ಪದೇ ಕೊಡಿ. ಮೊಲೆ ಚೀಪಲು ಸುಸ್ತಾದರೆ ಹಾಲು ಹಿಂಡಿ ಒಳಲೆಯಲ್ಲಿ (ಕೂಸಿಗೆ ಹಾಲು ಕುಡಿಸುವ ಕೊಕ್ಕಿನ ಪುಟ್ಟ ಬಟ್ಟಲು) ಕೊಡಬಹುದು. ನಮ್ಮ ಅತ್ತೆಯ ಟ್ರಂಕಿನಲ್ಲಿದ್ದ ಹಿತ್ತಾಳೆ ಒಳಲೆಯನ್ನು ನೋಡಿ ನಾನು ನಕ್ಕಿದ್ದೆ. ವಾರ್ಡಿನಲ್ಲಿ ನರ್ಸ್ ಅಂಥದ್ದೇ ಸ್ಟೀಲಿನದನ್ನು ಕೈಗೆ ಕೊಟ್ಟಾಗ ನಗು ನಿಂತಿತು. ಮಗುವಿನ ತಲೆ ಎತ್ತರದಲ್ಲಿರಲಿ, ಮಲಗಿಸಿ ಸುರಿಯಬೇಡಿ. ಉಸಿರು ತೀರಾ ಜೋರಿದ್ದಾಗ ಒತ್ತಾಯ ಮಾಡಿದರೆ ಹಾಲು ಶ್ವಾಸಕೋಶಕ್ಕೆ ಇಳಿಯಬಹುದು.

ಆರು ತಿಂಗಳು ದಾಟಿದವರಿಗೆ ತೆಳು ಗಂಜಿ, ರಾಗಿ ಸರಿ, ಮೆತ್ತಗಿನ ಅನ್ನ–ಬೇಳೆ, ಏನು ಹಿಡಿಸುತ್ತದೋ ಅದು. ಬಾಳೆಹಣ್ಣು ಕೊಟ್ಟರೆ ಕಫ ಆಗುತ್ತದೆ ಅನ್ನುವ ಮಾತಿಗೆ ಕಿವಿಗೊಡಬೇಡಿ. ತಿನ್ನುವ ಮಗುವಿಗೆ ಕೊಡಿ. ಮೂತ್ರದ ಲೆಕ್ಕ ಇಡಿ. ಆರೆಂಟು ಗಂಟೆ ಲಂಗೋಟಿ ಒದ್ದೆಯಾಗದಿದ್ದರೆ ಡಾಕ್ಟರಿಗೆ ಹೇಳಬೇಕು. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಜಾಸ್ತಿ ಹಾಕಿದರೆ ಕಳೆದುಕೊಂಡ ತೂಕ ವಾಪಸ್ ಬರುತ್ತದೆ.

6. ಅಜ್ಜಿಯರ ಜೊತೆ ಒಂದು ಮಾತುಕತೆ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಮೂಗಿಗೆ ಎರಡು ಹನಿ ಎಣ್ಣೆ ಬಿಟ್ಟು ಬೆಳೆಸಿದ ಕೈಗಳವು. ಹಳ್ಳಿಯ ತೊಟ್ಟಿಮನೆಯಲ್ಲಿ ಆ ಹೊಗೆ ಹೊರಗೆ ಹೋಗುತ್ತಿತ್ತು. ಹತ್ತಡಿ ಕೋಣೆಯಲ್ಲಿ, ಮಳೆಗೆ ಕಿಟಕಿ ಮುಚ್ಚಿಕೊಂಡು ಹಾಕಿದರೆ ಅಷ್ಟೂ ಮಗುವಿನ ಎದೆಗೇ. ಸೊಳ್ಳೆ ಕಾಯಿಲ್, ಅಗರಬತ್ತಿ, ಗಂಡಸರ ಸಿಗರೇಟಿಗೂ ಇದೇ ಮಾತು. ಸೊಳ್ಳೆಪರದೆ ಕಟ್ಟಿ. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ಅದರಿಂದಲೇ ಬೇರೆ ಬಗೆಯ ನ್ಯುಮೋನಿಯಾ ಬರಬಹುದು. ಹರಳೆಣ್ಣೆ ಕುಡಿಸುವಾಗ ನೆತ್ತಿಗೆ ಹತ್ತಿದರೂ ಹಾಗೇ. ಕರ್ಪೂರ ಎಳೆ ಮಕ್ಕಳಿಗೆ ಫಿಟ್ಸ್ ತರಿಸಬಲ್ಲದು, ಎಣ್ಣೆಯಲ್ಲಿ ಕಾಯಿಸಿ ಎದೆಗೆ ಹಚ್ಚುವುದೂ ಬೇಡ. ಬಿಸಿನೀರಿನ ಪಾತ್ರೆಯ ಹಬೆಯಿಂದ ಆಗುವುದು ಸುಟ್ಟಗಾಯವೇ ಜಾಸ್ತಿ. ಒಂದು ವರ್ಷದೊಳಗೆ ಜೇನುತುಪ್ಪ ನೆಕ್ಕಿಸಬಾರದು. ಹೊಟ್ಟೆಗೆ ಬರೆ ಹಾಕಿಸುವ ಮಾತು ಯಾರ ಬಾಯಿಂದ ಬಂದರೂ ಅಲ್ಲಿಗೇ ನಿಲ್ಲಿಸಿ.

ಇಷ್ಟೆಲ್ಲ ಬೇಡ ಎಂದಾಗ ಅತ್ತೆಯ ಮುಖ ಚಿಕ್ಕದಾಯಿತು. ಆಗ ನನಗೆ ಹೊಳೆದದ್ದು ಅವರಿಗೆ ಎಣಿಸುವ ಕೆಲಸ ಕೊಡುವುದು. ದಿನಕ್ಕೆ ಮೂರು ಸಲ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಎಣಿಸಿ, ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತಿದ್ದರು. ನನಗಿಂತ ಅವರ ಲೆಕ್ಕವೇ ಸರಿ ಇರುತ್ತಿತ್ತು. ತೊಡೆ ಮೇಲೆ ಸುಮ್ನೆ ಎತ್ತರಕ್ಕೆ ಮಲಗಿಸಿಕೊಂಡು ಕೂರುವುದೂ ಒಂದು ಆರೈಕೆಯೇ.

7. ಎರಡನೇ, ಮೂರನೇ ದಿನ

ಔಷಧಿ ಶುರುವಾಗಿ ಎರಡು ಮೂರು ದಿನಕ್ಕೆ ಮತ್ತೆ ತೋರಿಸಬೇಕು, ಮಗು ಚೆನ್ನಾಗಿದ್ದರೂ. ಅಷ್ಟರಲ್ಲಿ ಉಸಿರಿನ ಎಣಿಕೆ ಇಳಿಯಬೇಕು, ಜ್ವರ ಕಡಿಮೆಯಾಗಬೇಕು, ಹಾಲು ಜಾಸ್ತಿ ಕುಡಿಯಬೇಕು. ಎಣಿಕೆ ಇದ್ದಲ್ಲೇ ಇದ್ದರೆ ಔಷಧಿ ಬದಲಿಸಬೇಕಾಗಬಹುದು. ಏರಿದರೆ, ಪಕ್ಕೆ ಎಳೆಯಲು ಶುರುವಾದರೆ ಆ ದಿನದವರೆಗೂ ಕಾಯಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ, ಮನೆಗೆ ಬಂದ ದಿನದಿಂದ ಹೀಗಿತ್ತು: 48, 44, 45, 38. ಕೆಮ್ಮು ಮಾತ್ರ ಇನ್ನೂ ಎರಡು ವಾರ ಇತ್ತು. ಉಸಿರು ಸರಿಯಿದ್ದರೆ ಅದಕ್ಕೆ ಹೆದರಬೇಕಿಲ್ಲ. ಎರಡು ವಾರ ದಾಟಿಯೂ ಕೆಮ್ಮು ನಿಲ್ಲದಿದ್ದರೆ ಟಿಬಿ, ಅಸ್ತಮಾ ಏನಾದರೂ ಇದೆಯೇ ಎಂದು ಪರೀಕ್ಷೆ ಮಾಡಿಸಿ.

8. ಲಸಿಕೆ ಕಾರ್ಡ್ ತೆಗೆದು ನೋಡಿ

ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾವನ್ನು ತಡೆಯುವ ನ್ಯುಮೋಕಾಕಲ್ ಲಸಿಕೆ, ಅಂದರೆ ಪಿಸಿವಿ, ನಮ್ಮ ದೇಶದಲ್ಲಿ 2017ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ 2021ರಲ್ಲಿ ಎಲ್ಲ ಕಡೆಗೂ ಬಂತು. ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ, ಹೀಗೆ ಮೂರು ಸಲ. ಐದು ಕಾಯಿಲೆಗಳಿಗೆ ಒಟ್ಟಿಗೆ ಹಾಕುವ ಪೆಂಟಾವೇಲೆಂಟ್ ಲಸಿಕೆ ಆರು, ಹತ್ತು, ಹದಿನಾಲ್ಕು ವಾರಕ್ಕೆ. ನ್ಯುಮೋನಿಯಾ ತರುವ ಹಿಬ್ ಎಂಬ ಇನ್ನೊಂದು ಬ್ಯಾಕ್ಟೀರಿಯಾವನ್ನು ಅದು ತಡೆಯುತ್ತದೆ. ದಡಾರದ ಲಸಿಕೆಯೂ ಮುಖ್ಯ, ದಡಾರದ ಹಿಂದೆಯೇ ನ್ಯುಮೋನಿಯಾ ಬರುವುದುಂಟು. ಇವೆಲ್ಲ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಫ್ಲೂ ಲಸಿಕೆಯನ್ನು ಆರು ತಿಂಗಳಿಂದ ಹಾಕಿಸಬಹುದು, ಅದಕ್ಕೆ ಖಾಸಗಿ ಡಾಕ್ಟರ ಹತ್ತಿರ ದುಡ್ಡು ಕೊಡಬೇಕು.

ಬಾಣಂತನಕ್ಕೆ ಊರಿಗೆ ಹೋಗಿ ಬರುವ ನಮ್ಮವರಲ್ಲಿ ತಪ್ಪುವುದು ಹೆಚ್ಚಾಗಿ ಹದಿನಾಲ್ಕನೇ ವಾರದ್ದು. ಐದನೇ ತಿಂಗಳಿಗೆ ಮುಂಬೈಗೆ ಬರುವ ಗಡಿಬಿಡಿಯಲ್ಲಿ "ಅಲ್ಲಿ ಹೋಗಿ ಹಾಕಿಸಿದರಾಯಿತು" ಎಂದು ಬಿಟ್ಟಿರುತ್ತಾರೆ. ಕರ್ನಾಟಕದ ತಾಯಿ ಕಾರ್ಡ್ ಇಲ್ಲಿಯೂ ನಡೆಯುತ್ತದೆ. ಕನ್ನಡದಲ್ಲಿ ಬರೆದ ಸಾಲುಗಳು ಇಲ್ಲಿನ ನರ್ಸ್‌ಗೆ ಅರ್ಥವಾಗದಿದ್ದರೆ ಪಕ್ಕದಲ್ಲಿ ಕೂತು ತಾರೀಖುಗಳನ್ನು ಓದಿ ಹೇಳಿ, ಬಿಟ್ಟುಹೋದದ್ದನ್ನು ಅಲ್ಲಿಂದ ಮುಂದುವರಿಸುತ್ತಾರೆ.